ಮೂರನೆಯ ಬೀಗ

ಆ ಪೆಟ್ಟಿಗೆ ಮಾಡಿದವನು ನಾನೇ.
ಓಡುಮ್ ಮರ, ಹಿತ್ತಾಳೆಯ ಮೂಲೆ, ಎರಡು ಬೀಗ:
ಒಂದರ ಕೀಲಿ ಪಾದ್ರಿಗೆ, ಇನ್ನೊಂದರದು ಖಜಾಂಚಿಗೆ,
ಇಬ್ಬರೂ ಕೂಡದೆ ತೆರೆಯದಂತೆ.

ಡೊಟ್ಸೆ ಬೀಗವನ್ನು ಮುಟ್ಟಲೇ ಇಲ್ಲ.
ಹಿಂಬದಿಯ ತಿರುಪು ಬಿಚ್ಚಿದ, ಕೀಲು ಕಳಚಿದ,
ಹನ್ನೊಂದು ತಿಂಗಳ ಚಾವಣಿ ಹಣ ಲಾಟರಿಗೆ ಸುರಿದ.
ಕೇಟಾದ ಕಡಲಗಾಳಿ ಹೊತ್ತೊಯ್ದ ತಗಡಿಗೆಂದು
ಒಣಮೀನು ಮಾರಿ ಹೆಂಗಸರು ಕೂಡಿಟ್ಟದ್ದು.

ಬೇವಿನ ಕೆಳಗೆ ಹಿರಿಯರು ಕೂತರು.
"ದೇವರು ಕ್ಷಮಿಸಲಿ" ಎಂದರು ಒಬ್ಬರಾದ ಮೇಲೊಬ್ಬರು,
ಆ ಕೆಲಸ ದೇವರಿಗೇ ವಹಿಸಿಕೊಟ್ಟವರಂತೆ.
ಆಮೇಲೆ ನನ್ನ ಕಡೆ ತಿರುಗಿ,
"ಮೂರನೆಯದೊಂದು ಬೀಗ ಹಾಕು."

ಪಾದ್ರಿ ಎನ್ಯೊನಾಮ್ ಏನೂ ಅನ್ನಲಿಲ್ಲ.
ಮೂರು ವಾರ ಅನ್ನಲಿಲ್ಲ.
ಹಿನ್ನೀರಿನ ದಂಡೆಯಲ್ಲಿ, ಮರಳಿನ ಮಡಿಯಲ್ಲಿ
ಸಣ್ಣ ಈರುಳ್ಳಿ ಕೀಳುತ್ತಿದ್ದಳು.
ಬೇಲಿಯಾಚೆಯಿಂದ ಕಂಡೆ, ಕೀಳುವ ರೀತಿ ಅದಲ್ಲ:
ಜುಟ್ಟು ಹಿಡಿದು ಎಳೆದು, ಮಣ್ಣು ಒದರಿ, ಎಸೆದು.
ಸದ್ಯ, ಇವಳಿಗೂ ಸಿಟ್ಟಿದೆಯಲ್ಲ ಅಂತ
ನನಗೆ ಸಮಾಧಾನವಾಯಿತು.

ನಾಲ್ಕನೆಯ ಭಾನುವಾರ ಅವನನ್ನು ಕರೆದು ನಿಲ್ಲಿಸಿದಳು.
"ನನಗೆ ಹೇಳಬೇಡ, ಅವರಿಗೆ ಹೇಳು.
ಹೆಸರು ಹಿಡಿದು ಹೇಳು, ಲೆಕ್ಕ ಹಿಡಿದು ಹೇಳು."
ಅಜೋವಿಯ ನಲವತ್ತು ಸೆಡಿ.
ಅಜೋವಿಯ ಸೊಸೆಯದು ಇಪ್ಪತ್ತೈದು.
ಮುದುಕಿ ಡಾಫೊರ್ ಕೊಟ್ಟ ಹನ್ನೆರಡು...
ಅಲ್ಲಿ ಅವನ ದನಿ ನಿಂತಿತು.
"ಹದಿಮೂರು" ಎಂದು ಮುದುಕಿ ತಿದ್ದಿದಳು.
ಯಾರೋ ನಕ್ಕರು.
ಮೇಲೆ ತಗಡಿಲ್ಲ, ಎಲ್ಲರ ತಲೆಗೂ ಒಂದೇ ಬಿಸಿಲು.

ಬಲೆಯ ಪಾಲಿನಿಂದ ತೀರಿಸತೊಡಗಿದ, ಇನ್ನೂ ತೀರಿಲ್ಲ.
ತೀರುವ ಮೊದಲೇ ಆಕೆ ಕೀಲಿ ವಾಪಸು ಕೊಟ್ಟಳು,
ಎಲ್ಲರೂ ನೋಡುವಂತೆ, ಅಂಗೈ ಮೇಲಿಟ್ಟು.
ಕೊಟ್ಟ ರಾತ್ರಿ ಅವಳ ಕಿಟಕಿಯ ದೀಪ ಆರಲಿಲ್ಲ.
ನನಗೆ ಗೊತ್ತು. ನನಗೂ ನಿದ್ದೆ ಬಂದಿರಲಿಲ್ಲ.

ಮೂರನೆಯ ಬೀಗ ನನ್ನ ಕಪಾಟಿನಲ್ಲೇ ತುಕ್ಕು ಹಿಡಿಯುತ್ತಿದೆ.
ಡೊಟ್ಸೆ ಎದುರಾದರೆ ನಾನಿನ್ನೂ ದಾರಿ ಬದಲಿಸುತ್ತೇನೆ.
ಅದು ಹೇಗಾದರೂ ಇರಲಿ, ಇದೊಂದು ಮಾತು:
ತಿರುಪಿನ ತಲೆ ಪೆಟ್ಟಿಗೆಯ ಒಳಗಿರಬೇಕಿತ್ತು.
ಅವಸರದಲ್ಲಿ ಹೊರಗೆ ಬಿಟ್ಟವನು ನಾನು.
ಕಳುವು ತಿಳಿದ ಬೆಳಿಗ್ಗೆಯೇ ಆಕೆ
ಆ ನಾಲ್ಕು ತೂತಿನ ಮೇಲೆ ಬೆರಳಾಡಿಸಿದ್ದಳು,
ನನ್ನ ಮುಖ ನೋಡಿದ್ದಳು,
ಹಿಂಬದಿ ಯಾರಿಗೂ ಕಾಣದಂತೆ
ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿ,
ಬೇವಿನ ಕೆಳಗೆ ಹೋಗಿ ಕೂತಿದ್ದಳು.