ಮಂಗಳವಾರದ ಪಾಠ

ವಾಲ್ಪರೈಸೊದ ಗುಡ್ಡದ ಮೇಲೆ ಅಗ್ನಿಶಾಮಕ ಠಾಣೆ.
ಕೆಂಪು ಲಾರಿ ಆಚೆ ನಿಲ್ಲಿಸಿದರೆ ಅದೇ ಸಂಗೀತಶಾಲೆ.

ಬಂದರಿನ ಕ್ರೇನಿಗೆ ಎರಡು ಬೆರಳು ಕೊಟ್ಟ ಬಸಿಲಿಯೊ
ಉಳಿದ ಮೂರಕ್ಕೇ ಗಿಟಾರು ಒಗ್ಗಿಸಿಕೊಂಡಿದ್ದಾನೆ.
ವಕೀಲರ ಹೆಂಡತಿ, ಮೀನು ಮಾರುವವಳು
ಒಂದೇ ಹಾಳೆ ಹಂಚಿಕೊಂಡಿದ್ದಾರೆ;
ಕನ್ನಡಕವನ್ನೂ.

ಕಿವಿ ಕೇಳದ ರಾಯೆನ್
ಚೆಲ್ಲೋದ ಹೊಟ್ಟೆಗೆ ಕೆನ್ನೆ ಕೊಟ್ಟು ಕೂರುತ್ತಾಳೆ,
ಬಸುರಿ ಅಕ್ಕನಿಗೆ ಆತುಕೊಂಡ ಹಾಗೆ.

ಎಡೆಲ್ಮಿರಾ ಟೀಚರ್ ಕೈ ಎತ್ತಿದರು.
ಎಲ್ಲರೂ ನಿಲ್ಲಿಸಿದೆವು.
ರಾಯೆನ್ ಮಾತ್ರ ಕೆನ್ನೆ ತೆಗೆಯಲಿಲ್ಲ.
ಇನ್ನೂ ಯಾರೋ ನುಡಿಸುತ್ತಿದ್ದಾರೆ, ಕೈಯಲ್ಲೇ ಹೇಳಿದಳು,
ತುಂಬ ಕೆಳಗೆ.

ಆಮೇಲೆ ಕಿಟಕಿಯ ಗಾಜು ಗಲಗಲ.
ಆಮೇಲೆ ದೀಪ ತೂಗಿತು.

ನೆಲ ತೆಪ್ಪಗಾದ ಮೇಲೆ
ಬಸಿಲಿಯೊ ಗಿಟಾರಿನ ಕಿವಿ ಹಿಂಡುವುದು ಬಿಟ್ಟು
ಅವಳತ್ತ ತಿರುಗಿ
ಮೂರೇ ಬೆರಳಲ್ಲಿ ಕೇಳಿದ:
ಯಾವ ಸ್ವರ ಅದು?