ತಿರುವಿ ಹಾಕಿದ ಕಾಲರು

ರಾತ್ರಿ ಹನ್ನೊಂದೂವರೆಗೆ ಮಗ ಬಂದು ಕರೆದ.
"ಅವ್ವ, ಒಂದು ಪಿಚ್ಚರ್ ಐತೆ, ಕೂತ್ಕೊ ಬಾ."
ಮೂರು ತಿಂಗಳಿಂದ ಊಟಕ್ಕೂ ಎರಡು ಸಲ ಕೂಗಿಸಿಕೊಳ್ಳುವವನು
ತಾನಾಗಿ ಕರೆದಿದ್ದಾನೆ. ಸೂಜಿ ಸೆರಗಿಗೆ ಚುಚ್ಚಿಕೊಂಡು ಎದ್ದೆ.

ಗುತ್ತಲು ರಸ್ತೆಯಲ್ಲಿ ಎರಡು ಕೋಣೆಯ ಮನೆ.
ಸಕ್ಕರೆ ಫ್ಯಾಕ್ಟರಿ ಕಬ್ಬು ಅರೆಯತೊಡಗಿ ವಾರವಾಗಿತ್ತು,
ಗಾಳಿಯಲ್ಲಿ ಕಾಕಂಬಿಯ ಸುಟ್ಟ ವಾಸನೆ.
ಲಿಖಿತ ಕಿಟಕಿ ಮುಚ್ಚಿ ಲ್ಯಾಪ್‌ಟಾಪನ್ನು
ನಾಳೆ ಕೊಡಬೇಕಿದ್ದ ಬ್ಲೌಸುಗಳ ಗಂಟಿನ ಮೇಲೆ ಇಟ್ಟ.
"ಹುಚ್ಚು ಹಿಡ್ಸ್ಕೊಂಡು ನೋಡೋರವ್ರೆ ಇದ್ನ.
ನಾನೇ ನಾಕು ಸಲ ನೋಡಿವ್ನಿ.
ನಿಂಗೆ ಇಂಗ್ಲಿಷ್ ಬರಾಕಿಲ್ಲ, ನಾನ್ ಹೇಳ್ತೀನಿ ಬುಡು."

ಯಾವುದೋ ಚಳಿಯ ದೇಶ. ನೀರಿಲ್ಲದ ಈಜುಕೊಳ.
ತಳದಲ್ಲಿ ಅಂಗಾತ ಮಲಗಿದ್ದಾನೆ ಹುಡುಗ,
ನನ್ನ ಮಗನ ವಯಸ್ಸೇ, ಹದಿನಾರೋ ಹದಿನೇಳೋ.
ಎದೆಯ ಮೇಲೊಂದು ಟೆಲಿಫೋನು, ವೈರು ಕತ್ತರಿಸಿದೆ.
ಆದರೂ ಕಿವಿಗಿಟ್ಟುಕೊಂಡು ಹ್ಞೂಂ ಹ್ಞೂಂ ಅನ್ನುತ್ತಾನೆ,
ಒಮ್ಮೊಮ್ಮೆ ನಗುತ್ತಾನೆ, ಯಾರೋ ತಮಾಷೆ ಹೇಳಿದಂತೆ.

"ಆ ಕಡೆ ಯಾರ್ಲಾ ಮಾತಾಡೋರು?"
"ಅದೇ ಕನವ್ವ ಪಿಚ್ಚರ್ರು. ಗೊತ್ತಾಗಾಕಿಲ್ಲ."

ಸ್ಕೂಲಿನ ಬೂಟುಗಳನ್ನು ಹಿತ್ತಲಲ್ಲಿ ಹೂತ.
ಮೇಷ್ಟರು ಕೇಳಿದರೆ ಕಾಲು ನೋಡಿಕೊಂಡ.
ರಾತ್ರಿ ಊರೊಳಗೆ ಬರಿಗಾಲಲ್ಲಿ ನಡೆದು
ಒಂದೊಂದು ಮನೆಯ ಬಾಗಿಲಿಗೂ ಕಿವಿಯಿಟ್ಟು ನಿಂತ.
ಒಂದು ಬಾಗಿಲು ಒಳಗಿನಿಂದ ಅವನ ಹೆಸರು ಹಿಡಿದು ಕರೆಯಿತು.
ದೆವ್ವದ ಪಿಚ್ಚರಾಗಿದ್ದರೆ ಹೆದರಿ ಮುಗಿಸಬಹುದಿತ್ತು.
ಇದು ಹಾಗಲ್ಲ. ಹೆದರಿಕೆ ಎಲ್ಲಿಂದ ಅಂತ ತೋರಿಸುವುದೇ ಇಲ್ಲ.

ತಾಯಿ ಇದ್ದಾಳೆ. ಆದರೆ ಕೈ ಮಾತ್ರ:
ಮೊಟ್ಟೆ ಒಡೆಯುವ ಕೈ, ದೀಪ ಆರಿಸುವ ಕೈ,
ಮೇಜಿನ ಮೇಲೆ ದುಡ್ಡಿಟ್ಟು ಹೋಗುವ ಕೈ.
ಮುಖವನ್ನು ಒಂದು ಸಲವೂ ತೋರಿಸಲಿಲ್ಲ.
ನನಗೆ ಸಿಟ್ಟು ಬಂತು. "ಯಾವನ್ಲಾ ಇದ ತೆಗೆದೋನು?
ಅವ್ಳಿಗೇನ್ ಮಕ ಇಲ್ವ?"
ಪರದೆಯಿಂದ ಕಣ್ಣು ಕೀಳದೆ ಅಂದ,
"ಅಂವ ಅವಳ ಮಕ ನೋಡಿಲ್ಲ, ಅದ್ಕೇ."

ಮುಕ್ಕಾಲು ಪಿಚ್ಚರಾದ ಮೇಲೆ
ಹುಡುಗ ಆ ಸತ್ತ ಫೋನಿಗೆ ತುಂಬಾ ಹೊತ್ತು ಏನೋ ಹೇಳಿದ.
ಅಳಲಿಲ್ಲ. ಬಾಡಿಗೆಯ ಲೆಕ್ಕ ಒಪ್ಪಿಸುವವರ ಧಾಟಿ.
ಮಗ ಅದನ್ನು ಕನ್ನಡ ಮಾಡಲಿಲ್ಲ.
ರೈಲೊಂದು ಮೈಸೂರಿನ ಕಡೆಗೆ ಹೋಯಿತು, ತಗಡು ನಡುಗಿತು,
ಅದು ದಾಟಿಹೋದ ಮೇಲೂ ಮಾಡಲಿಲ್ಲ.
ಕೇಳಲು ಬಾಯಿ ತೆರೆದವಳು ಮುಚ್ಚಿದೆ.
ಸಿಕ್ಕಾದ ದಾರ ಎಳೆದರೆ ಗಂಟು ಬಿಗಿಯಾಗುತ್ತದೆ.

ಅಷ್ಟು ಹೊತ್ತೂ ನಾನು ನೋಡುತ್ತಿದ್ದುದು ಅಂಗಿಯನ್ನು.
ನೀಲಿ ಚೌಕಳಿಯ ಅಂಗಿ, ಪಿಚ್ಚರ್ ಪೂರ್ತಿ ಅದೊಂದೇ.
"ತಡಿ. ಹಿಂದಕ್ಕೆ ಓಡ್ಸು. ಇನ್ನೊಸಿ. ಹ್ಞಾ, ನಿಲ್ಸು."
ಬೆರಳಿಟ್ಟು ತೋರಿಸಿದೆ.
"ನೋಡು, ಕಾಲರ್ ತಿರುವಿ ಹಾಕವ್ರೆ.
ಸವೆದ ಮಗ್ಗುಲು ಒಳಕ್ಕೆ, ಒಳಗಿಂದು ಮೇಲಕ್ಕೆ.
ಅಂಗಿಯೆಲ್ಲ ಮಾಸೈತೆ, ಕಾಲರೊಂದು ಗಾಢ.
ಮಿಷನ್ನಲ್ಲ, ಕೈ ಹೊಲಿಗೆ.
ಹಳೇ ಹೊಲಿಗೆ ಬಿಚ್ಚಾಕೇ ಅರ್ಧ ಗಂಟೆ ಬೇಕು ಕನ್ಲಾ.
ಕತ್ತನ್ನ ದಿನಾ ನೋಡ್ದೋರಿಗೇ ಗೊತ್ತಾಗೋದು ಅದು ಸವೆದಿರೋದು."

ಪರದೆಯ ಹತ್ತಿರಕ್ಕೆ ಬಗ್ಗಿದ, ನಾಲ್ಕು ಸಲ ನೋಡಿದ್ದವನು.
ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ.
"ಶೂಟಿಂಗಿಗೆ ಯಾವ್ದೋ ಹಳೇ ಬಟ್ಟೆ ತಂದಿರ್ತಾರೆ ಬುಡವ್ವ."
"ಇರ್ಬೋದು," ಅಂದೆ. ನಿಜವೂ ಇರಬಹುದು.

ಪಿಚ್ಚರ್ ಹೇಗೆ ಮುಗಿಯಿತೋ ತಿಳಿಯಲಿಲ್ಲ.
ಕೊಳಕ್ಕೆ ನೀರು ತುಂಬುತ್ತಿತ್ತು, ಹುಡುಗ ಕಾಣಲಿಲ್ಲ.
"ಬದುಕಿದ್ನಾ?"
"ಅದ್ಕೇ ಎಲ್ರೂ ಜಗಳ ಆಡಾದು."

ಮಾರನೆಯ ರಾತ್ರಿ ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ.
ಬಾಗಿಲಲ್ಲಿ ನಿಂತ, ಒಳಗೂ ಇಲ್ಲ, ಹೊರಗೂ ಇಲ್ಲ.
"ಅವ್ವ, ಆ ಫೋನಿನ್ ಹತ್ರ... ಒಂದಷ್ಟು ನಾನ್ ಹೇಳ್ಲಿಲ್ಲ."
ತುಳಿಯುತ್ತಿದ್ದ ಕಾಲು ತೆಗೆದೆ.
ಮಿಷನ್ ಇನ್ನೂ ಓಡುತ್ತಲೇ ಇತ್ತು,
ಚಕ್ರಕ್ಕೆ ಅಂಗೈ ಕೊಟ್ಟು ನಿಲ್ಲಿಸಿದೆ.