ಹೆಣದ ಪಾತ್ರ

ನನ್ನದು ಮಾತಿಲ್ಲದ ಪಾತ್ರ.
ದಿನಕ್ಕೆ ಎರಡು ಒಬೊಲ್, ಒಂದು ಹಿಡಿ ಆಲಿವ್.
ಗಾಲಿಹಲಗೆಯ ಮೇಲೆ ಅಂಗಾತ ಮಲಗಿಸಿ
ಎದೆಗೆ ಹಂದಿಯ ನೆತ್ತರು ಬಳಿದು
ಮಾನೀಸ್, ಸಿಂಬೋಸ್ ಇಬ್ಬರೂ ಹಿಂದಿನಿಂದ ನೂಕುತ್ತಾರೆ.
ಬಾಗಿಲು ತೆರೆಯುತ್ತದೆ. ಗುಡ್ಡದ ತುಂಬ ಕೂತ ಅಥೆನ್ಸ್
ಒಮ್ಮೆಗೇ ಉಸಿರೆಳೆದುಕೊಳ್ಳುತ್ತದೆ.
ನಾನು ಮಾತ್ರ ಎಳೆದುಕೊಳ್ಳುವಂತಿಲ್ಲ.

ಕೊಲೆ ಇಲ್ಲಿ ಕಣ್ಣಿಗೆ ಕಾಣಬಾರದು, ಒಳಗೆ ಆಗಬೇಕು.
ಒಳಗೆ ಅಂದರೆ ಬಣ್ಣದ ಗೋಡೆಯ ಹಿಂದೆ.
ಅಲ್ಲಿ ನಾನು ಈರುಳ್ಳಿ ಕಡಿಯುತ್ತ ಕೂತಿರುವಾಗ
ಹೊರಗೆ ದೂತ ನನ್ನ ಸಾವನ್ನು ಬಣ್ಣಿಸುತ್ತಿರುತ್ತಾನೆ:
ಬಾವಿಯ ಮೆಟ್ಟಿಲಲ್ಲಿ ಸ್ವಂತ ಮಾವನೇ ಇರಿದನಂತೆ,
ಮೂರು ಸಲ ಅಮ್ಮನ್ನ ಕೂಗಿದೆನಂತೆ.
ಎಷ್ಟು ಸೊಗಸಾಗಿ ಸತ್ತೆ! ನನಗೇ ಹೊಟ್ಟೆಕಿಚ್ಚು.

ಆಮೇಲೆ ರಾಣಿ ಬರುತ್ತಾಳೆ.
ರಾಣಿ ಅಂದರೆ ಬೋಳುತಲೆಯ ಯೂಫ್ರೋನ್,
ಮುಖವಾಡದ ಬಾಯಿಂದ ಬೆಳ್ಳುಳ್ಳಿ ನಾರುತ್ತ
ನನ್ನ ಮೇಲೆ ಬಿದ್ದು ಹೊರಳಾಡುತ್ತಾನೆ.
ಸರಿಯಾಗಿ ಆಗಲೇ ನೊಣವೊಂದು
ಕಾಲಿನ ಹೆಬ್ಬೆರಳ ಮೇಲೆ ಸಂಸಾರ ಹೂಡುವುದು.

ಗುಟ್ಟು ಹೇಳಿಕೊಟ್ಟವನು ಮುದುಕ ಬ್ರಾಖಾಸ್,
ನಲವತ್ತು ವಸಂತ ಹೆಣವಾಗಿದ್ದವನು:
“ಮೇಳ ಹಾಡುತ್ತ ಬಲಕ್ಕೆ ಹೋಗಿ ಎಡಕ್ಕೆ ತಿರುಗುತ್ತದಲ್ಲ,
ಆ ತಿರುವಿನಲ್ಲಿ ಎಲ್ಲರ ಕಣ್ಣೂ ಅವರ ಕಾಲಿನ ಮೇಲೆ.
ಆಗ ತೊಗೊ ಉಸಿರು.
ಮುಂದಿನ ತಿರುವಿನ ತನಕ ಅದೇ ಸಾಕಾಗಬೇಕು.”

ಬಲ್ಲವರು ಹೇಳುತ್ತಾರೆ, ಅಳು ಮನಸ್ಸನ್ನು ತೊಳೆಯುತ್ತದಂತೆ.
ಇರಬಹುದು.
ಹಂದಿಯ ನೆತ್ತರಂತೂ ಎಷ್ಟು ಉಜ್ಜಿದರೂ
ಉಗುರಸಂದಿಯಲ್ಲಿ ಉಳಿಯುತ್ತದೆ.

ಸಂಜೆ ಮನೆಗೆ ಬಂದರೆ ಅಮ್ಮ ದೀಪ ಹಚ್ಚಿರಲಿಲ್ಲ.
ಅಣ್ಣ ಲಾಖೀಸ್ ಹತ್ತಿದ ಹಡಗು ಸಿಸಿಲಿಯಿಂದ ತಿರುಗಿಲ್ಲ.
ಎರಡು ವರ್ಷ. ಹೆಣವಿಲ್ಲ, ಹಿಡಿ ಬೂದಿಯೂ ಇಲ್ಲ.

“ಇವತ್ತೂ ಸತ್ತೆಯಾ?” ಅಂದಳು.
“ಹ್ಞೂಂ.”
“ಆ ಗಂಡಸಿಗೆ ಅಳೋಕೆ ಬರುತ್ತಾ?”
“ಚೆನ್ನಾಗೇ ಅಳ್ತಾನೆ.”

ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಮಂಚದ ಮೇಲಿದ್ದ ಉಣ್ಣೆಯ ಬುಟ್ಟಿ ಕೆಳಗಿಟ್ಟು
ಕಂಬಳಿ ಕೊಡವಿ ಹಾಸಿ “ಬಾ, ಮಲಗು” ಅಂದಳು.
ಪಾದ ಬಾಗಿಲ ಕಡೆಗೆ.

ಮಲಗಿದೆ. ಕಣ್ಣು ಮುಚ್ಚಿದೆ.
ಕೂದಲು ಬಿಚ್ಚಿಕೊಂಡ ಸದ್ದು.
ಆಮೇಲೆ ಒಂದು ಹೆಸರು, ನನ್ನದಲ್ಲ.

ನನಗೆ ಈ ಕೆಲಸ ಬರುತ್ತದೆ,
ನೊಣಕ್ಕೆ ಅಂಜುವವನಲ್ಲ ನಾನು.
ಆದರೆ ಆ ಮನೆಯಲ್ಲಿ ಮೇಳ ಇರಲಿಲ್ಲ,
ಬಲಕ್ಕೆ ಹೋಗುವವರಿಲ್ಲ, ಎಡಕ್ಕೆ ತಿರುಗುವವರಿಲ್ಲ.
ಉಸಿರು ಯಾವಾಗ ತೊಗೊಳ್ಳಬೇಕೋ
ತಿಳಿಯಲಿಲ್ಲ.